ಎಬಿಎಸ್ ದೀಪ ಹತ್ತಿದರೆ ಮೊದಲು ವೈರ್ ನೋಡಿ

ಮಳೆಗಾಲ ಹಿಡಿದು ಹದಿನೈದು ದಿನವಾಗುವುದರೊಳಗೆ ನಮ್ಮ ಬೀದಿಯಲ್ಲಿ ಯಾರದಾದರೂ ಕಾರಿನ ಮೀಟರ್ ಬೋರ್ಡಿನಲ್ಲಿ ಹಳದಿ ಎಬಿಎಸ್ ದೀಪ ಹತ್ತಿಕೊಂಡಿರುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಏರ್ಪಾಡೇ ಎಬಿಎಸ್. ಕಾರು ಗ್ಯಾರೇಜಿಗೆ ಹೋಗುತ್ತದೆ, ಚಕ್ರದ ವೇಗ ಅಳೆಯುವ ಹೊಸ ಸೆನ್ಸರ್ ಹಾಕಿಸಿಕೊಂಡು ಬರುತ್ತದೆ, ತಿಂಗಳೊಪ್ಪತ್ತಿನಲ್ಲಿ ದೀಪ ಮತ್ತೆ ಹತ್ತುತ್ತದೆ. ಎದುರುಮನೆಯವರು ಹೀಗೆ ಎರಡು ಸೆನ್ಸರ್ ಬದಲಾಯಿಸಿ ಆದಮೇಲೆ ಬಂದು, ‘ಎಂಥ ಮಾರಾಯ್ರೇ ಇದು, ಒಂದು ಸಲ ಬಗ್ಗಿ ನೋಡಿ’ ಎಂದರು. ಬಗ್ಗಿ ನೋಡಿದೆ. ಸೆನ್ಸರಿನ ವೈರನ್ನು ಹಿಡಿದಿಡಬೇಕಾದ ಕ್ಲಿಪ್ಪೇ ಅಲ್ಲಿರಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ವೈರು ಟೈರಿಗೆ ಉಜ್ಜುತ್ತಿತ್ತು. ಹೊಸ ಸೆನ್ಸರ್ ವೈರ್ ಸಮೇತವೇ ಬರುತ್ತದೆ; ಹಾಗಾಗಿ ಎರಡು ಸಲವೂ ಹೊಸ ವೈರೇ ಸವೆದುಹೋಗಿತ್ತು.

2019ರ ಏಪ್ರಿಲ್‌ನಿಂದೀಚೆಗೆ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಹಾಗಾಗಿ ಇದು ಈಗ ದೊಡ್ಡ ಕಾರಿನವರ ತಲೆನೋವು ಮಾತ್ರವಲ್ಲ. ಚಕ್ರಕ್ಕೊಂದು ಸೆನ್ಸರ್, ಅದರ ಮುಂದೆ ಚಕ್ರದ ಜೊತೆ ಸುತ್ತುವ ಒಂದು ರಿಂಗ್. ನಾಲ್ಕೂ ಚಕ್ರಗಳ ವೇಗವನ್ನು ಕಂಪ್ಯೂಟರ್ ಹೋಲಿಸುತ್ತಿರುತ್ತದೆ. ಒಂದು ಚಕ್ರದ ಲೆಕ್ಕ ತಪ್ಪಿದರೆ ಎಬಿಎಸ್ ತಾನೇ ಕೈಕಟ್ಟಿ ಕೂತು ದೀಪ ಹತ್ತಿಸುತ್ತದೆ. ಮಾಮೂಲಿ ಬ್ರೇಕ್ ಆಗಲೂ ಹಿಡಿಯುತ್ತದೆ, ಆದರೆ ಗಟ್ಟಿಯಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರಬಹುದು. ಹಳದಿಯ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದ್ದರೆ ಈ ಲೇಖನ ಮಡಚಿಟ್ಟು ಬ್ರೇಕ್ ಆಯಿಲ್ ನೋಡಿ. ಕಾರನ್ನು ಓಡಿಸಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.

ಮೊದಲು ಟೈರ್ ನೋಡಿ. ಒಂದರಲ್ಲಿ ಗಾಳಿ ತೀರ ಕಡಿಮೆಯಿದ್ದರೆ, ಅಥವಾ ಪಂಕ್ಚರ್ ಆದಾಗ ಹಾಕಿದ ಸಣ್ಣ ಸೈಜಿನ ಸ್ಟೆಪ್ನಿ ಹಾಗೇ ಉಳಿದಿದ್ದರೆ, ಆ ಚಕ್ರ ಉಳಿದವಕ್ಕಿಂತ ಬೇಗ ಸುತ್ತುತ್ತದೆ; ಕೆಲವು ಕಾರುಗಳಲ್ಲಿ ದೀಪ ಹತ್ತಲು ಇಷ್ಟೇ ಸಾಕು.

ಆಮೇಲೆ ಯಾವ ಚಕ್ರದ್ದು ಎಂದು ತಿಳಿಯಬೇಕು. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡು ಓದುವ ಸ್ಕ್ಯಾನರ್ ಚುಚ್ಚಬೇಕು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಡಬ್ಬಿಗಳನ್ನು ನಂಬಿ ಕೂರಬೇಡಿ. ಅವುಗಳಲ್ಲಿ ಬಹುಪಾಲು ಎಂಜಿನ್ನಿನ ‘ಪಿ’ ಕೋಡುಗಳನ್ನಷ್ಟೇ ಓದುತ್ತವೆ. ಬ್ರೇಕಿನದು ‘ಸಿ’ ಇಂದ ಶುರುವಾಗುವ ಕೋಡು. ಎದುರಿಗೆ ದೀಪ ಉರಿಯುತ್ತಿದ್ದರೂ ಡಬ್ಬಿ ‘ತೊಂದರೆ ಏನೂ ಇಲ್ಲ’ ಎನ್ನುತ್ತದೆ, ಜನ ಅದನ್ನು ನಂಬಿ ಬಲ್ಬೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಎಬಿಎಸ್ ಓದುವ ಸ್ಕ್ಯಾನರ್ ಸ್ನೇಹಿತರ ಬಳಿ ಇದ್ದರೆ ಒಂದು ಗಂಟೆಗೆ ಎರವಲು ತನ್ನಿ. ಮುಂದಿನ ಎಡಕ್ಕೆ ಸಿ0035, ಬಲಕ್ಕೆ ಸಿ0040, ಹಿಂದಿನ ಎಡಕ್ಕೆ ಸಿ0045, ಬಲಕ್ಕೆ ಸಿ0050 ಎಂಬುದು ಸಾಮಾನ್ಯ ಕೋಡು. ಕಂಪನಿಗಳು ತಮ್ಮದೇ ಸಂಖ್ಯೆಯನ್ನೂ ಇಟ್ಟಿರುತ್ತವೆ. ಒಂದು ಮಾತು: ಕೋಡು ತೋರಿಸುವುದು ಚಕ್ರವನ್ನು. ಅದರಲ್ಲಿ ‘ಸೆನ್ಸರ್’ ಎಂಬ ಪದ ಇದೆ ಎಂದ ಮಾತ್ರಕ್ಕೆ ಸೆನ್ಸರೇ ಸತ್ತಿದೆ ಎಂದಲ್ಲ. ದುಡ್ಡು ನೀರಾಗುವುದು ಇಲ್ಲೇ.

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ನಟ್ ಸಡಿಲಿಸಿ ಜಾಕ್ ಏರಿಸಿ, ಚಕ್ರ ಬಿಚ್ಚಿ. ಕಾರಿನ ಜೊತೆ ಬರುವ ಜಾಕನ್ನೊಂದೇ ನಂಬಿ ಒಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಇಡಿ. ಇಟ್ಟಿಗೆ ಸ್ಟ್ಯಾಂಡ್ ಅಲ್ಲ.

ಈಗ ವೈರು. ಇಲ್ಲಿ ಆತುರ ಬೇಡ, ಅರ್ಧ ಗಂಟೆ ಕೊಡಿ. ಡಿಸ್ಕಿನ ಹಿಂದೆ, ಚಕ್ರ ಕೂರುವ ಎರಕದ ಭಾಗಕ್ಕೆ ಒಂದೇ ಬೋಲ್ಟಿನಲ್ಲಿ ಕೂತ ಹೆಬ್ಬೆರಳ ಗಾತ್ರದ ಕರಿ ಪ್ಲಾಸ್ಟಿಕ್ ತುಂಡೇ ಸೆನ್ಸರ್. ಅಲ್ಲಿಂದ ಹೊರಟ ವೈರು ಶಾಕ್ ಅಬ್ಸಾರ್ಬರಿನ ಬ್ರಾಕೆಟ್ ಹಿಡಿದು ಮಡ್‌ಗಾರ್ಡಿನೊಳಗೆ ನುಸುಳಿ ಒಂದು ಕಪ್ಲರಿಗೆ, ಅಂದರೆ ಕಾರಿನ ವೈರಿಗೆ ಕೂಡಿಸುವ ಪ್ಲಗ್ಗಿಗೆ, ಸೇರುತ್ತದೆ. ಸೆನ್ಸರಿನಿಂದ ಕಪ್ಲರಿನ ತನಕ ಒದ್ದೆ ಬಟ್ಟೆಯಿಂದ ಒರೆಸುತ್ತ ಹೋಗಿ. ಕೆಮ್ಮಣ್ಣು ಮೆತ್ತಿಕೊಂಡ ವೈರಿನಲ್ಲಿ ಸೀಳು ಕಾಣುವುದೇ ಇಲ್ಲ. ಒರೆಸಿದ ಮೇಲೆ ಎರಡು ಕೈಯ ಬೆರಳುಗಳಲ್ಲಿ ಎರಡು ಇಂಚಿನಷ್ಟು ವೈರು ಹಿಡಿದು ಮೆಲ್ಲಗೆ ಎಳೆಯಿರಿ, ಬಗ್ಗಿಸಿ, ಮುಂದಿನ ಎರಡು ಇಂಚಿಗೆ ಹೋಗಿ. ಒಳಗೆ ತಾಮ್ರ ಗಟ್ಟಿಯಿದ್ದರೆ ವೈರು ಜಗ್ಗುವುದಿಲ್ಲ. ತಾಮ್ರ ಕಡಿದು ಮೇಲಿನ ಸಿಪ್ಪೆ ಮಾತ್ರ ಉಳಿದಿದ್ದರೆ ಆ ಜಾಗ ರಬ್ಬರಿನಂತೆ ಉದ್ದವಾಗುತ್ತದೆ, ಬಗ್ಗಿಸಿದಾಗ ಒಣಗಿದ ಬಳ್ಳಿಯಂತೆ ಒಂದೇ ಕಡೆ ಮಡಚಿಕೊಳ್ಳುತ್ತದೆ. ಕಣ್ಣಿಗಿಂತ ಬೆರಳಿಗೆ ಇದು ಬೇಗ ತಿಳಿಯುತ್ತದೆ. ಹೆಚ್ಚಾಗಿ ಮುರಿಯುವುದು ಬ್ರಾಕೆಟ್ಟಿನಿಂದ ಹೊರಬಂದ ತಕ್ಷಣದ ತಿರುವಿನಲ್ಲಿ. ಸ್ಟೇರಿಂಗ್ ತಿರುಗಿದಾಗಲೆಲ್ಲ, ಹಂಪ್ ಹಾರಿದಾಗಲೆಲ್ಲ ಬಳುಕುವುದು ಅದೇ ಜಾಗ.

ಚಕ್ರ ಗಾಳಿಯಲ್ಲಿ ಜೋತಾಡುವಾಗ ವೈರು ಪೂರ್ತಿ ಎಳೆದುಕೊಂಡಿರುತ್ತದೆ. ಕಾರು ನೆಲಕ್ಕಿಳಿದಾಗ ಅದೇ ವೈರು ಸಡಿಲವಾಗಿ, ಕಡಿದ ತುದಿಗಳು ಮತ್ತೆ ಮುಟ್ಟಿಕೊಳ್ಳಬಹುದು, ತಿರುವಿನಲ್ಲಿ ವೈರು ಎಳೆದಾಗ ಮತ್ತೆ ಬೇರಾಗಬಹುದು. ‘ಗ್ಯಾರೇಜಿನಲ್ಲಿ ಸರಿಯಿತ್ತು, ಘಾಟಿಯಲ್ಲಿ ಹತ್ತಿತು’ ಎನ್ನುವ ದೂರಿನ ಮೂಲ ಬಹಳ ಸಲ ಇದೇ. ಆದ್ದರಿಂದ ಯಾರನ್ನಾದರೂ ಸೀಟಿನಲ್ಲಿ ಕೂರಿಸಿ, ಸ್ಟೇರಿಂಗನ್ನು ನಿಧಾನವಾಗಿ ಎರಡೂ ತುದಿಗೆ ತಿರುಗಿಸಲು ಹೇಳಿ. ವೈರು ಎಲ್ಲಿ ಬಿಗಿಯುತ್ತದೆ, ಎಲ್ಲಿ ಉಜ್ಜುತ್ತದೆ ಎಂದು ನೋಡಿ. ಸೀಟಿನಲ್ಲಿ ಮಕ್ಕಳು ಬೇಡ, ಮಾತು ಕೇಳುವ ದೊಡ್ಡವರು ಬೇಕು.

ಕಪ್ಲರ್ ಬಿಚ್ಚಿ ಪಿನ್ ನೋಡಿ. ಹಸಿರು ಪುಡಿ ಕಂಡರೆ ನೀರು ಹೊಕ್ಕಿದೆ; ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಬಾನೆಟ್ ಒಳಗೂ ಕಣ್ಣಾಡಿಸಿ. ಅಡಿಕೆ ಚಪ್ಪರದ ಪಕ್ಕ ಕಾರು ನಿಲ್ಲಿಸುವವರಿಗೆ ನಾನು ಹೇಳಬೇಕಿಲ್ಲ, ಇಲಿಗೆ ಈ ಸಣ್ಣ ವೈರುಗಳೆಂದರೆ ಹಬ್ಬ.

ವೈರು ಸರಿಯಿದ್ದರೆ ಸೆನ್ಸರ್ ಬಿಚ್ಚಿ. ಬೋಲ್ಟ್ ಸಲೀಸಾಗಿ ಬರುತ್ತದೆ, ಸೆನ್ಸರ್ ಬರುವುದಿಲ್ಲ. ಸುತ್ತಲಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಅದನ್ನು ಕಚ್ಚಿಕೊಂಡಿರುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ, ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ಪ್ಲಾಸ್ಟಿಕ್ ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಫಿ ಕುಡಿದು ಬನ್ನಿ, ಆಮೇಲೆ ಎಡಕ್ಕೂ ಬಲಕ್ಕೂ ತಿರುಚುತ್ತ ಮೇಲೆತ್ತಿ. ತುದಿಯಲ್ಲಿ ಕಬ್ಬಿಣದ ಪುಡಿ ಮೀಸೆಯಂತೆ ಅಂಟಿಕೊಂಡಿದ್ದರೆ ಒರೆಸಿ. ಕೂರುವ ತೂತಿನ ತುಕ್ಕನ್ನೂ ಎಮರಿ ಪೇಪರಿನಿಂದ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಸೆನ್ಸರ್ ಪೂರ್ತಿ ಕೂರದೆ ರಿಂಗಿನಿಂದ ದೂರ ಉಳಿಯುತ್ತದೆ. ಅವೆರಡರ ನಡುವಿನ ಸಂದು ಸುಮಾರು ಒಂದು ಮಿಲಿಮೀಟರ್, ಅಷ್ಟೇ. ಹಲ್ಲಿನ ರಿಂಗ್ ಕಾಣುವಂತಿದ್ದರೆ ಚಕ್ರ ತಿರುಗಿಸಿ ಎಲ್ಲ ಹಲ್ಲನ್ನೂ ನೋಡಿ. ಬಿರುಕು ಬಿಟ್ಟಿದ್ದರೆ ಹೊಸ ಸೆನ್ಸರಿನಿಂದ ಏನೂ ಆಗದು. ಕಾರು ಇನ್ನೇನು ನಿಲ್ಲಬೇಕು ಎನ್ನುವಾಗ ಪೆಡಲ್ ಸುಮ್ಮಸುಮ್ಮನೆ ಗಡಗಡ ಎನ್ನುತ್ತಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ಈ ರಿಂಗಿನ ಮೇಲೇ.

ಮಲ್ಟಿಮೀಟರ್ ಇದ್ದವರು ಕೀ ಆಫ್ ಮಾಡಿ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ ಕಾರಿನ ಕಡೆಯ ಪಿನ್ನುಗಳಲ್ಲಿ ಡಿಸಿ ವೋಲ್ಟ್ ನೋಡಿ. ಬ್ಯಾಟರಿಯ ಹತ್ತಿರದ ವೋಲ್ಟೇಜ್ ಬಂದರೆ ಅದು ಚಿಪ್ ಇರುವ ಹೊಸ ಬಗೆಯ ಸೆನ್ಸರ್. ಅದರ ಮೇಲೆ ಓಮ್ ಅಳೆಯಬೇಡಿ, ಬರುವ ಅಂಕಿಗೆ ಅರ್ಥವಿಲ್ಲ. ಸ್ಕ್ಯಾನರಿನಲ್ಲಿ ಚಕ್ರದ ವೇಗ ನೋಡುವುದೇ ದಾರಿ. ಹಳೆ ಬಗೆಯ ಸುರುಳಿ ಸೆನ್ಸರಾದರೆ ಸಾಮಾನ್ಯವಾಗಿ 800ರಿಂದ 2000 ಓಮ್ ಒಳಗೆ ಇರುತ್ತದೆ. ಪುಸ್ತಕದ ಅಂಕಿಗಿಂತ ಆಚೆ ಬದಿಯ ಚಕ್ರದ ಅಂಕಿಯೊಂದಿಗೆ ಹೋಲಿಸುವುದು ನನಗೆ ಹೆಚ್ಚು ಇಷ್ಟ. ಚಕ್ರವನ್ನು ಕೈಯಲ್ಲಿ ಸುತ್ತಿಸಿದರೆ ಅದು ಚೂರು ಎಸಿ ವೋಲ್ಟ್ ಕೂಡ ಹುಟ್ಟಿಸಬೇಕು. ಆದರೆ ಎಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ನೇತುಹಾಕಿರುವ ಅಗ್ಗದ ಹಳದಿ ಮೀಟರಿನಲ್ಲಿ ಎಸಿಯ ಕನಿಷ್ಠ ರೇಂಜೇ 200 ವೋಲ್ಟ್. ಅದರಲ್ಲಿ ಸೊನ್ನೆ ಕಂಡು ‘ಸತ್ತಿದೆ’ ಎಂದು ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ.

ಇತ್ತೀಚೆಗೆ ವೀಲ್ ಬೇರಿಂಗ್ ಹಾಕಿಸಿದ್ದೀರಾ? ಹೊಸ ಬಗೆಯಲ್ಲಿ ಹಲ್ಲಿನ ಬದಲು ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಬದಿ ಸೆನ್ಸರಿನ ಕಡೆಗೇ ಬರಬೇಕು. ತಿರುಗುಮುರುಗಾಗಿ ಕೂರಿಸಿದರೂ ಚಕ್ರ ಚೆನ್ನಾಗಿಯೇ ಸುತ್ತುತ್ತದೆ, ಸಿಗ್ನಲ್ ಮಾತ್ರ ಬರುವುದಿಲ್ಲ. ಆಗ ಬೇರಿಂಗ್ ಹಾಕಿದವರ ಬಳಿಗೇ ಹೋಗಿ.

ಕಡಿದ ವೈರನ್ನು ತಿರುಚಿ ಟೇಪ್ ಸುತ್ತುವುದು ಒಂದು ಮಳೆಯ ತನಕ. ಬಳುಕುವ ಜಾಗದಲ್ಲಾದರೆ ವೈರ್ ಸಮೇತ ಸೆನ್ಸರ್ ಬದಲಾಯಿಸಿ, ಬಳುಕದ ಕಡೆಯಾದರೆ ಬೆಸುಗೆ ಹಾಕಿ ಸ್ಲೀವ್ ಏರಿಸಿ. ಕ್ಲಿಪ್ಪುಗಳೆಲ್ಲ ಜಾಗಕ್ಕೆ ಮರಳಿದವೇ ಎಂದು ನೋಡಿ ಚಕ್ರ ಹಾಕಿ. ದೀಪ ನಿಂತಲ್ಲೇ ಆರದಿದ್ದರೆ ಗಾಬರಿ ಬೇಡ. ಹಲವು ಕಾರುಗಳಲ್ಲಿ ಸ್ವಲ್ಪ ದೂರ ಓಡಿ ನಾಲ್ಕೂ ಚಕ್ರಗಳ ಲೆಕ್ಕ ತಾಳೆಯಾದ ಮೇಲೇ ಅದು ಆರುತ್ತದೆ. ಎದುರುಮನೆಯವರ ಕಾರಿಗೆ ಮೂರನೇ ಸೆನ್ಸರ್ ಹಾಕಿದ ದಿನ ಕ್ಲಿಪ್ ಸಿಗಲಿಲ್ಲ. ಎರಡು ಕೇಬಲ್ ಟೈ ಬಿಗಿದೆ, ಸ್ಟೇರಿಂಗ್ ಎರಡೂ ಕಡೆ ತಿರುಗಿಸಿ ನೋಡಿದೆ, ಬಸ್ ಸ್ಟ್ಯಾಂಡ್ ದಾಟುವುದರೊಳಗೆ ದೀಪ ಆರಿತು.