ತಣ್ಣನೆಯ ಥಿಯೇಟರಿನಲ್ಲಿ ಸ್ನಾಯು ಸಡಿಲಿಸುವ ಔಷಧ: ಉಷ್ಣತೆಯನ್ನು ಲೆಕ್ಕಕ್ಕೆ ಹಿಡಿಯುವ ಬಗೆ

ಮೇ ತಿಂಗಳ ಸೆಕೆಯಲ್ಲಿ ಮುಂಬೈನ ಪರೇಲ್ ಸ್ಟೇಷನ್ನಿನಿಂದ ಬೆವರೊರೆಸುತ್ತ ನಡೆದುಬಂದ ನಮಗೆ ಆಪರೇಷನ್ ಥಿಯೇಟರಿನ ಎ.ಸಿ. ಹಿತವಾಗಿರುತ್ತದೆ; ಮೇಜಿನ ಮೇಲಿರುವ ರೋಗಿಗೆ ಹಾಗಲ್ಲ. ಅರಿವಳಿಕೆ ಕೊಟ್ಟೊಡನೆ ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಶಾಖ ಕೈಕಾಲುಗಳತ್ತ ಹರಿದು, ಮೊದಲ ಒಂದು ಗಂಟೆಯಲ್ಲೇ ದೇಹದ ಒಳಭಾಗದ ಉಷ್ಣತೆ 1ರಿಂದ 1.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯಬಹುದು. ಆ ಮೇಲೆ ಎ.ಸಿ. ತನ್ನ ಪಾಲನ್ನು ಸೇರಿಸುತ್ತದೆ. ಮುಂಬೈಗೆ ಅರಿವಳಿಕೆ ಶಾಸ್ತ್ರ ಕಲಿಯಲು ಬಂದಿರುವ ನಮ್ಮ ಕಡೆಯ ಕಿರಿಯ ವೈದ್ಯರು ಈ ಇಳಿಕೆಯನ್ನು ಔಷಧದ ಪ್ರಮಾಣದಷ್ಟೇ ಗಂಭೀರವಾಗಿ ಎಣಿಸಬೇಕು.

ಎಷ್ಟು ಗಂಭೀರವೆಂದರೆ, ಒಳಗಿನ ಉಷ್ಣತೆ ಕೇವಲ 2 ಡಿಗ್ರಿ ಇಳಿದಾಗ, ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ವೆಕುರೋನಿಯಂ ಎಂಬ ಔಷಧದ ಪರಿಣಾಮ ಸುಮಾರು 28 ನಿಮಿಷದಿಂದ 62 ನಿಮಿಷಕ್ಕೆ ಏರಿದ್ದನ್ನು ಅಳೆದು ನೋಡಿದ್ದಾರೆ. ದೇಹ ಆ ಔಷಧವನ್ನು ಹೊರಹಾಕುವ ವೇಗ ಕುಗ್ಗುವುದು ಇದಕ್ಕೆ ಮುಖ್ಯ ಕಾರಣ. ಯಕೃತ್ತು, ಮೂತ್ರಪಿಂಡಗಳನ್ನು ಹೆಚ್ಚು ಅವಲಂಬಿಸದ, ಅದೇ ಬಗೆಯ ಅಟ್ರಾಕ್ಯೂರಿಯಂ ಸುರಕ್ಷಿತವೆಂದು ನಂಬಿ ಕೂರುವಂತೆಯೂ ಇಲ್ಲ. ಅದರ ಹಾಫ್‌ಮನ್ ವಿಘಟನೆ, ಅಂದರೆ ದೇಹದಲ್ಲಿ ತಾನಾಗಿಯೇ ಒಡೆಯುವುದು, ರಾಸಾಯನಿಕ ಕ್ರಿಯೆಯಾದ್ದರಿಂದ ತಂಪಿನಲ್ಲಿ ಅದೂ ನಿಧಾನವಾಗುತ್ತದೆ.

ಇಲ್ಲಿ ಓದುಗರನ್ನು ಗೊಂದಲಕ್ಕೆ ಕೆಡವುವ ಒಂದು ಸಂಗತಿಯಿದೆ. ಸ್ನಾಯುಗಳು ಬೇಗ ದಣಿಯುವ ಮಯಸ್ತೇನಿಯಾ ರೋಗಿಯ ಜೋತುಬಿದ್ದ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆಯಿಟ್ಟರೆ ರೆಪ್ಪೆ ಮೇಲೇಳುತ್ತದೆ; ನರದ ಸಂದೇಶವನ್ನು ಸ್ನಾಯುವಿಗೆ ಮುಟ್ಟಿಸುವ ಅಸಿಟೈಲ್‌ಕೋಲಿನನ್ನು ತಂಪಿನಲ್ಲಿ ಒಡೆಯುವ ಕಿಣ್ವ ಮಂದವಾಗುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಇಲಿಯ ವಪೆಯನ್ನು (ಉಸಿರಾಟದ ಸ್ನಾಯು) ಬೇರ್ಪಡಿಸಿ ಮಾಡಿದ ಪ್ರಯೋಗಗಳಲ್ಲಿಯೂ ತಂಪು, ಸ್ನಾಯು ಸಡಿಲಿಸುವ ಹಳೆಯ ಔಷಧ ಟ್ಯೂಬೋಕ್ಯುರಾರಿನ್‌ನ ಪ್ರಭಾವವನ್ನು ಕುಗ್ಗಿಸಿತ್ತು. ಹಾಗಾದರೆ ಥಿಯೇಟರಿನಲ್ಲಿ ಉಲ್ಟಾ ಏಕೆ? ಬೇರ್ಪಡಿಸಿದ ಸ್ನಾಯುವಿನಲ್ಲಿ ಔಷಧವನ್ನು ಹೊರಹಾಕುವ ದೇಹವೇ ಇರುವುದಿಲ್ಲ; ಥಿಯೇಟರಿನಲ್ಲಿ ನಿಧಾನವಾಗುವುದು ಆ ಹೊರಹಾಕುವ ಕೆಲಸವೇ. ಒಂದೇ ಪುಟದಲ್ಲಿ ಎರಡನ್ನೂ ಓದಿ ತಲೆ ಕೆರೆದುಕೊಳ್ಳುವವರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಮಾಡಬೇಕಾದ ಕೆಲಸ ಅರಿವಳಿಕೆಗೆ ಮೊದಲೇ ಆರಂಭವಾಗುತ್ತದೆ. ಸಾಧ್ಯವಿದ್ದಲ್ಲಿ ಅರ್ಧ ಗಂಟೆ ಬಿಸಿಗಾಳಿಯ ಹೊದಿಕೆ ಹೊದಿಸಿದರೆ ಮೊದಲ ಗಂಟೆಯ ಇಳಿಕೆ ಕಡಿಮೆಯಾಗುತ್ತದೆ. ಬಳಿಕ ಅನ್ನನಾಳ ಅಥವಾ ಮೂಗಿನ ಹಿಂಭಾಗದಲ್ಲಿ ಉಷ್ಣತೆಯನ್ನು ಅಳೆಯುತ್ತ, 36 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು.

ಸಡಿಲಿಕೆಯನ್ನು ಅಳೆಯಲು ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಡುವ ನರ ಪ್ರಚೋದಕವನ್ನು ಜೋಡಿಸುವ ಕೈಯನ್ನು ಬರಿದಾಗಿ ಚಾಚಿಡಬೇಡಿ. ಹತ್ತಿ ಸುತ್ತಿ, ಹೆಬ್ಬೆರಳಿನ ಚಲನೆಗೆ ಅಡ್ಡಿಯಾಗದಂತೆ ಮುಚ್ಚಿ, ಚರ್ಮದ ಉಷ್ಣತೆಯನ್ನು 32 ಡಿಗ್ರಿಗಿಂತ ಮೇಲಿಡಿ. ಕೈ ತಣ್ಣಗಾದರೆ ಔಷಧವಿಲ್ಲದೆಯೂ ಹೆಬ್ಬೆರಳಿನ ಮಿಡಿತ ದುರ್ಬಲವಾಗುವುದರಿಂದ, ಉಳಿದ ದೇಹಕ್ಕಿಂತ ಹೆಚ್ಚಿನ ಸಡಿಲಿಕೆಯನ್ನು ಯಂತ್ರ ತೋರಿಸಬಹುದು.

ಮೊದಲ ಡೋಸ್ ಎಂದಿನಂತೆಯೇ ಇರಲಿ. ಮುಂದಿನ ಡೋಸನ್ನು ಮಾತ್ರ ಗಡಿಯಾರ ನೋಡಿ ಕೊಡದೆ, ನಾಲ್ಕು ಪ್ರಚೋದನೆಗಳಿಗೆ ಬರುವ ಮಿಡಿತಗಳನ್ನು ಎಣಿಸಿ ಕೊಡಿ. ರೋಗಿ ತಣ್ಣಗಿದ್ದಷ್ಟೂ ಅಂತರ ಹಿಗ್ಗುತ್ತದೆ. ಶಸ್ತ್ರಚಿಕಿತ್ಸಕರ ಅವಸರಕ್ಕೆ ಇಲ್ಲಿ ಬಗ್ಗಬೇಕಾಗಿಲ್ಲ.

ಕೊನೆಯಲ್ಲಿ ಸಡಿಲಿಕೆಯನ್ನು ಹಿಮ್ಮೆಟ್ಟಿಸುವ ನಿಯೋಸ್ಟಿಗ್ಮಿನ್ ಕೊಟ್ಟ ಮೇಲೂ ನಾಲ್ಕನೆಯ ಮತ್ತು ಮೊದಲನೆಯ ಮಿಡಿತಗಳ ಅನುಪಾತ 0.9 ತಲುಪದಿದ್ದರೆ, ತಲೆಯೆತ್ತಿಸಿ ನೋಡಿ ಸಮಾಧಾನಪಟ್ಟುಕೊಳ್ಳಬಾರದು. ನಿದ್ರೆಯನ್ನೂ ಉಸಿರಾಟದ ನೆರವನ್ನೂ ಮುಂದುವರಿಸಿ, ರೋಗಿಯನ್ನೂ ಆ ಕೈಯನ್ನೂ ಬೆಚ್ಚಗಾಗಿಸಿ ಮತ್ತೆ ಅಳೆಯಿರಿ. ಉಸಿರಾಟದ ಟ್ಯೂಬ್ ತೆಗೆಯುವುದು ಆ ಬಳಿಕ.