ಎರಡು ಕಾಲಲ್ಲಿ ನಡೆದಿತ್ತಾ? ಮೂಳೆ ನೋಡಿ ಹೇಳುವುದು ಹೇಗೆ

ಆದಿಮಾನವರ ಪಳೆಯುಳಿಕೆ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ತಲೆಬುರುಡೆಯ ಮೇಲೆ. ನೀವು ಹಾಗೆ ಮಾಡಬೇಡಿ. ಮೊದಲು ಸೊಂಟದಿಂದ ಕೆಳಗೆ ನೋಡಿ.

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ಮಂಡಿ ಆಪರೇಷನ್ ಆದವರು, ಸೊಂಟ ಮುರಿದವರು, ಲಕ್ವ ಹೊಡೆದವರು ಮತ್ತೆ ಹೆಜ್ಜೆ ಇಡುವುದನ್ನು ದಿನವಿಡೀ ನೋಡುತ್ತೇನೆ. ಎರಡು ಕಾಲಲ್ಲಿ ನಡೆಯುವುದು ಎಷ್ಟು ಕಷ್ಟದ ಕೆಲಸ ಅಂತ ನನಗೆ ಈ ಕೆಲಸದಿಂದಲೇ ಗೊತ್ತಾಗಿದ್ದು. ಅದಕ್ಕೇ ಇರಬೇಕು, ನಮ್ಮ ಪೂರ್ವಜರ ಮೂಳೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಕಾಲಿನ ಮೂಳೆಗಳು. ಇನ್ನೊಂದು ಕಾರಣವೂ ಇದೆ. ನಮ್ಮ ವಂಶದಲ್ಲಿ ನಡಿಗೆ ಮೊದಲು ಬಂತು, ದೊಡ್ಡ ಮೆದುಳು ಬಹಳ ತಡವಾಗಿ ಬಂತು. ಇಥಿಯೋಪಿಯಾದಲ್ಲಿ ಅಸ್ಥಿಪಂಜರ ಸಿಕ್ಕ, 32 ಲಕ್ಷ ವರ್ಷದ ಹಿಂದೆ ಬದುಕಿದ್ದ ಲೂಸಿ ಎಂಬ ನಮ್ಮ ಪೂರ್ವಜೆಯ ಮೆದುಳು 500 ಸಿಸಿಗಿಂತ ಕಡಿಮೆ, ಹೆಚ್ಚುಕಮ್ಮಿ ಚಿಂಪಾಂಜಿಯಷ್ಟೇ. ನಮ್ಮದು ಸರಾಸರಿ 1350. ಬುರುಡೆ ಮಾತ್ರ ನೋಡಿದ್ದರೆ ಅವಳನ್ನು ಕೋತಿಯ ಕಡೆ ಸೇರಿಸಿಬಿಡುತ್ತಿದ್ದರು.

ನೋಡುವುದಕ್ಕೆ ಆಫ್ರಿಕಾಗೇ ಹೋಗಬೇಕಿಲ್ಲ. ಸ್ಮಿತ್ಸೋನಿಯನ್ ಸಂಸ್ಥೆ, ಆಫ್ರಿಕನ್ ಫಾಸಿಲ್ಸ್, ಮಾರ್ಫೋಸೋರ್ಸ್ ತಾಣಗಳಲ್ಲಿ ಎಷ್ಟೋ ಮೂಳೆಗಳ 3ಡಿ ಸ್ಕ್ಯಾನ್ ಇದೆ. ಮೊಬೈಲಿನಲ್ಲೇ ತಿರುಗಿಸಿ ನೋಡಬಹುದು. 3ಡಿ ಪ್ರಿಂಟರ್ ಇರುವ ಕಾಲೇಜು ಹತ್ತಿರದಲ್ಲಿದ್ದರೆ ಅಚ್ಚು ಮಾಡಿಸಿಕೊಳ್ಳಿ. ಕೈಯಲ್ಲಿ ಹಿಡಿದು ನೋಡುವುದಕ್ಕೂ ಚಿತ್ರ ನೋಡುವುದಕ್ಕೂ ಬಹಳ ವ್ಯತ್ಯಾಸ.

ಮಂಡಿಯಿಂದ ಶುರು ಮಾಡಿ. ಮೊದಲು ನೀವೇ ಕನ್ನಡಿ ಮುಂದೆ ಪಾದ ಜೋಡಿಸಿ ನಿಲ್ಲಿ. ತೊಡೆಮೂಳೆಗಳ ಮೇಲಿನ ತುದಿ ದೂರ ದೂರ ಇದೆ, ಮಂಡಿಗಳು ಮಾತ್ರ ಹತ್ತಿರ ಹತ್ತಿರ. ಅಂದರೆ ತೊಡೆಮೂಳೆ ಮೇಲಿನಿಂದ ಕೆಳಗೆ ಬರುತ್ತಾ ಒಳಗೆ ವಾಲಿದೆ. ಒಂದು ಕಾಲು ಎತ್ತಿದಾಗ ಇನ್ನೊಂದು ಕಾಲು ಮೈಯ ಭಾರದ ಕೆಳಗೇ ಇರುವುದು ಈ ವಾಲಿನಿಂದ. ಚಿಂಪಾಂಜಿಯ ತೊಡೆಮೂಳೆ ಹೆಚ್ಚುಕಮ್ಮಿ ನೆಟ್ಟಗಿರುತ್ತದೆ.

ಈಗ ತೊಡೆಮೂಳೆಯ ಅಚ್ಚನ್ನು ಮೇಜಿನ ಮೇಲೆ ನಿಲ್ಲಿಸಿ. ಮಂಡಿಯ ಕಡೆ ಎರಡು ಗುಂಡನೆಯ ಗಂಟುಗಳಿವೆಯಲ್ಲ, ಅವೆರಡೂ ಮೇಜಿಗೆ ಸಮನಾಗಿ ತಾಗಬೇಕು. ಮೂಳೆಯ ಕೋಲು ಒಂದು ಪಕ್ಕಕ್ಕೆ ವಾಲಿದರೆ ಅದು ನಡೆದ ಕಾಲು. ನೆಟ್ಟಗೆ ನಿಂತರೆ ಅಲ್ಲ. ಪೂರ್ತಿ ಮೂಳೆ ಬೇಕೆಂದೂ ಇಲ್ಲ, ಮಂಡಿಯ ಕಡೆಯ ತುಂಡೊಂದು ಸಾಕು. 1973ರಲ್ಲಿ ಇಥಿಯೋಪಿಯಾದ ಹದಾರ್‌ನಲ್ಲಿ ಪಳೆಯುಳಿಕೆ ತಜ್ಞ ಡೊನಾಲ್ಡ್ ಜೊಹಾನ್ಸನ್‌ಗೆ ಸಿಕ್ಕಿದ್ದೂ ಅಂಥ ತುಂಡುಗಳೇ. ಸುಮಾರು 34 ಲಕ್ಷ ವರ್ಷ ಹಳೆಯ ಪುಟ್ಟ ಮಂಡಿ. ಜೋಡಿಸಿ ನೋಡಿದರೆ ನಮ್ಮದರ ಹಾಗೇ ವಾಲು! ಲೂಸಿ ಸಿಕ್ಕಿದ್ದು ಅದರ ಮರುವರ್ಷ.

ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಈ ವಾಲು ಹುಟ್ಟಿನಿಂದ ಬರುವುದಲ್ಲ. ಆಗ ತಾನೇ ಹುಟ್ಟಿದ ಮಗುವಿನ ತೊಡೆಮೂಳೆ ಹೆಚ್ಚುಕಮ್ಮಿ ನೆಟ್ಟಗಿರುತ್ತದೆ. ಮಗು ಎದ್ದು ನಿಂತು, ಬಿದ್ದು, ಮತ್ತೆ ನಡೆದು, ಮಂಡಿಯ ಮೇಲೆ ಭಾರ ಬೀಳುತ್ತಾ ಹೋದಂತೆ ಮೂಳೆ ವಾಲಿಕೊಂಡು ಬೆಳೆಯುತ್ತದೆ. ಯಾವುದೋ ಕಾಯಿಲೆಯಿಂದ ಒಮ್ಮೆಯೂ ನಡೆಯದ ಮಕ್ಕಳಲ್ಲಿ ಈ ವಾಲು ಬರುವುದಿಲ್ಲ. ಹಾಗಾಗಿ ಹದಾರ್‌ನ ಆ ಮಂಡಿ ಬರೀ ನಡೆಯಬಲ್ಲ ಜೀವಿಯದ್ದಲ್ಲ. ಅದು ಚಿಕ್ಕಂದಿನಿಂದಲೇ ದಿನಾ ನಡೆದಾಡಿದ ಒಂದು ಜೀವದ ಮಂಡಿ. ಕ್ಲಿನಿಕ್ಕಿಗೆ ಬರುವ ಮಕ್ಕಳ ಎಕ್ಸ್‌ರೇ ನೋಡುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಮುಂದೆ ಸೊಂಟದ ಮೂಳೆ. ಚಿಂಪಾಂಜಿಯದ್ದು ಉದ್ದ, ಚಪ್ಪಟೆ, ಬೆನ್ನಿಗೆ ಅಂಟಿಕೊಂಡ ಹಾಗೆ ಮೇಲಕ್ಕೆ ಹೋಗಿರುತ್ತದೆ. ನಮ್ಮದು ಗಿಡ್ಡ, ಅಗಲ, ಬೋಗುಣಿಯ ಹಾಗೆ ಎರಡೂ ಪಕ್ಕಕ್ಕೆ ಬಾಗಿ ಬಂದಿದೆ. ಆ ಬಾಗು ಯಾಕೆ ಬೇಕು ಅಂತ ನಿಮ್ಮ ಮೈಯಲ್ಲೇ ನೋಡಿ. ಸೊಂಟದ ಎರಡೂ ಪಕ್ಕ ಕೈ ಇಟ್ಟುಕೊಂಡು ಬಲಗಾಲಿನ ಮೇಲೆ ಮಾತ್ರ ನಿಲ್ಲಿ. ಬಲಗೈ ಕೆಳಗೆ ಒಂದು ಸ್ನಾಯು ಗಟ್ಟಿಯಾಗುತ್ತದೆ. ಅದು ಗ್ಲೂಟಿಯಸ್ ಮೀಡಿಯಸ್. ಅದು ಸೋತವರಿಗೆ ಎತ್ತಿದ ಕಾಲಿನ ಕಡೆ ಸೊಂಟ ಕೆಳಗೆ ಜಾರುತ್ತದೆ. ನಾವು ಇದನ್ನೇ ಟ್ರೆಂಡೆಲೆನ್‌ಬರ್ಗ್ ಪರೀಕ್ಷೆ ಅನ್ನುತ್ತೇವೆ. ಚಿಂಪಾಂಜಿಯಲ್ಲಿ ಇದೇ ಸ್ನಾಯು ಹಿಂದುಗಡೆ ಕೂತಿದೆ, ಸೊಂಟ ಹಿಡಿದು ನಿಲ್ಲಿಸುವ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಅದು ಎರಡು ಕಾಲಲ್ಲಿ ನಡೆದಾಗ ಅತ್ತಿತ್ತ ತೂಗಾಡುತ್ತದೆ.

ಲೂಸಿಯ ಸೊಂಟದ ಮೂಳೆಯೂ ಪಕ್ಕಕ್ಕೆ ಬಾಗಿದೆ. ಆದರೆ ಒಂದು ವಿಷಯ ತಿಳಿದುಕೊಂಡೇ ನೋಡಿ. ಸಿಕ್ಕಿದ್ದು ಎಡಗಡೆಯ ಮೂಳೆ ಮತ್ತು ನಡುವೆ ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕಾಸ್ಥಿ ಮಾತ್ರ, ಅದೂ ಮಣ್ಣಿನಡಿ ಜಜ್ಜಿಹೋಗಿತ್ತು. ಮಾನವಶಾಸ್ತ್ರಜ್ಞ ಓವನ್ ಲವ್‌ಜಾಯ್ ಅದರ ಅಚ್ಚು ತೆಗೆದು, ಕತ್ತರಿಸಿ, ಒಡೆದ ಅಂಚುಗಳನ್ನು ಕೂಡಿಸಿ ಮೊದಲಿನ ಆಕಾರಕ್ಕೆ ತಂದರು. ಬಲಗಡೆಯದು ಎಡಗಡೆಯ ಪ್ರತಿಬಿಂಬ. ಮ್ಯೂಸಿಯಂನಲ್ಲಿ ಯಾವ ಅಸ್ಥಿಪಂಜರ ನೋಡಿದರೂ ಯಾವುದು ಸಿಕ್ಕಿದ ಮೂಳೆ, ಯಾವುದು ತುಂಬಿದ ಭಾಗ ಅಂತ ಕೇಳಿ ತಿಳಿದುಕೊಳ್ಳಿ. ಲೂಸಿಯಲ್ಲಿ ಸಿಕ್ಕಿದ್ದು ಸುಮಾರು ಶೇ. 40ರಷ್ಟು. ಅಷ್ಟು ಹಳೆಯದಕ್ಕೆ ಅದೇ ಬಹಳ.

ಪಾದಕ್ಕೆ ಬಂದರೆ ಹೆಬ್ಬೆರಳು ನೋಡಿದರೆ ಸಾಕು. ಉಳಿದ ಬೆರಳುಗಳ ಸಾಲಿನಲ್ಲಿದೆಯೋ, ಕೈಯ ಹೆಬ್ಬೆರಳಿನ ಹಾಗೆ ಪಕ್ಕಕ್ಕೆ ಚಾಚಿದೆಯೋ? ಇಥಿಯೋಪಿಯಾದಲ್ಲೇ ಸಿಕ್ಕ, 44 ಲಕ್ಷ ವರ್ಷ ಹಳೆಯ ಆರ್ಡಿ ಎಂಬ ಅಸ್ಥಿಪಂಜರದಲ್ಲಿ ಪಕ್ಕಕ್ಕೆ ಚಾಚಿದೆ, ಕೊಂಬೆ ಹಿಡಿಯುವ ಪಾದ ಅದು. ಟಾಂಜಾನಿಯಾದ ಲಯಟೋಲಿಯಲ್ಲಿ ಮೂಳೆಯೇ ಬೇಡ, ಹೆಜ್ಜೆಗಳೇ ಉಳಿದಿವೆ. ಸುಮಾರು 36 ಲಕ್ಷ ವರ್ಷದ ಹಿಂದೆ ಜ್ವಾಲಾಮುಖಿಯ ಒದ್ದೆ ಬೂದಿಯ ಮೇಲೆ ಯಾರೋ ಒಟ್ಟಿಗೆ ನಡೆದು ಹೋದರು. ಮೇರಿ ಲೀಕಿ ತಂಡ 1978ರಲ್ಲಿ ಅದನ್ನು ಕಂಡಿತು. ಆ ಹೆಜ್ಜೆಗಳ ಸ್ಕ್ಯಾನ್ ಸಿಕ್ಕರೆ ಹಿಮ್ಮಡಿ ಊರಿದ ಗುಳಿಯನ್ನೂ ನೇರಕ್ಕಿರುವ ಹೆಬ್ಬೆರಳನ್ನೂ ನೋಡಿ.

ಇಷ್ಟಾದ ಮೇಲೆ ಬುರುಡೆ. ಮುಖ ಬಿಡಿ, ಸುಮ್ನೆ ಬುರುಡೆಯನ್ನು ಮಗುಚಿ. ಬೆನ್ನುಹುರಿ ಹೋಗುವ ದೊಡ್ಡ ತೂತು ಕಾಣುತ್ತದೆ. ನಮ್ಮಲ್ಲಿ ಅದು ಹೆಚ್ಚುಕಮ್ಮಿ ನಡುವೆ, ನೆಟ್ಟಗೆ ನಿಂತಾಗ ತಲೆ ಬೆನ್ನುಮೂಳೆಯ ಮೇಲೇ ಕೂರುವ ಹಾಗೆ; ಚಿಂಪಾಂಜಿಯಲ್ಲಿ ಹಿಂದಕ್ಕೆ. 1924ರಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್ ಸುಣ್ಣಕಲ್ಲು ಗಣಿಯಿಂದ ಬಂದ ಮಗುವಿನ ಬುರುಡೆಯಲ್ಲಿ ಅಂಗರಚನಾ ತಜ್ಞ ರೇಮಂಡ್ ಡಾರ್ಟ್ ಗಮನಿಸಿದ್ದು ಈ ತೂತನ್ನೇ. ಎಳೆಯ ಬುರುಡೆಯಾದರೆ ಮಾತ್ರ ಹುಷಾರಾಗಿರಿ. ಚಿಂಪಾಂಜಿ ಮರಿಗಳಲ್ಲೂ ತೂತು ದೊಡ್ಡವುಗಳಿಗಿಂತ ಸ್ವಲ್ಪ ಮುಂದಿರುತ್ತದೆ.

ಅದು ಎರಡು ಕಾಲಲ್ಲಿ ನಡೆದ, ಮನುಷ್ಯರ ಕಡೆಯ ಜೀವಿ ಅನ್ನುವ ಡಾರ್ಟ್ ಮಾತನ್ನು ಬಹಳ ವರ್ಷ ಹೆಚ್ಚಿನವರು ಒಪ್ಪಲಿಲ್ಲ. ಅದಕ್ಕೆ ಒಂದು ಕಾರಣ ಪಿಲ್ಟ್‌ಡೌನ್. 1912ರಲ್ಲಿ ಇಂಗ್ಲೆಂಡಿನಲ್ಲಿ ಮನುಷ್ಯನ ದೊಡ್ಡ ಬುರುಡೆಯ ಜೊತೆ ಕೋತಿಯಂಥ ದವಡೆ ತೋರಿಸಿದ್ದರು. ಮೆದುಳೇ ಮೊದಲು ಬೆಳೆಯಿತು ಅಂತ ನಂಬಿದ್ದವರಿಗೆ ಅದು ಸರಿಹೊಂದಿತು. 1953ರಲ್ಲಿ ಮೋಸ ಬಯಲಾಯಿತು: ದವಡೆ ಒರಾಂಗುಟಾನ್‌ನದು, ಹಲ್ಲುಗಳನ್ನು ಅರದಿಂದ ಉಜ್ಜಿದ್ದರು. ದವಡೆ ಬುರುಡೆಗೆ ಕೂಡುವ ಗಿಣ್ಣೇ ಮುರಿದಿತ್ತು ಅನ್ನುವುದನ್ನು ಗಮನಿಸಿ. ಎರಡು ಮೂಳೆ ಒಂದೇ ಜೀವಿಯದ್ದು ಅಂತ ಯಾರಾದರೂ ಹೇಳಿದರೆ ಅವು ಕೂಡುವ ಜಾಗ ಉಳಿದಿದೆಯಾ ಅಂತ ಮೊದಲು ನೋಡಿ.

ವಯಸ್ಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಇಷ್ಟು ಹಳೆಯ ಮೂಳೆಯ ವಯಸ್ಸನ್ನು ಸಾಮಾನ್ಯವಾಗಿ ಮೂಳೆಯಿಂದ ಅಳೆಯುವುದಿಲ್ಲ. ಪೂರ್ವ ಆಫ್ರಿಕಾದಲ್ಲಿ ಅದರ ಮೇಲೆ ಕೆಳಗೆ ಇರುವ ಜ್ವಾಲಾಮುಖಿ ಬೂದಿಯ ಪದರದಲ್ಲಿ ಪೊಟ್ಯಾಸಿಯಂ ಎಷ್ಟು ಆರ್ಗಾನ್ ಆಗಿದೆ ಅಂತ ಅಳೆಯುತ್ತಾರೆ. ಹಾಗಾಗಿ ಮೂಳೆ ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಅನ್ನುವುದು ಗೊತ್ತಿರಲೇಬೇಕು.

ಪದರದ ಮಾತು ನಮ್ಮ ನೆಲಕ್ಕೂ ಸಲ್ಲುತ್ತದೆ. 1982ರಲ್ಲಿ ಮಧ್ಯಪ್ರದೇಶದ ನರ್ಮದಾ ದಂಡೆಯ ಹಥ್ನೋರಾದಲ್ಲಿ ಭೂವಿಜ್ಞಾನಿ ಅರುಣ್ ಸೋನಾಕಿಯಾ ಅವರಿಗೆ ಆದಿಮಾನವರ ಬುರುಡೆಯ ಮೇಲ್ಭಾಗ ಸಿಕ್ಕಿತು, ಜೊತೆಗೆ ಕಾಲಿನ ಮೂಳೆ ಇರಲಿಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಸಿಕ್ಕಿದ್ದು ಸುಣ್ಣಕಲ್ಲಿನ ಕೈಗೊಡಲಿಗಳು, ಅವನ್ನು ಮಾಡಿದ ಜಾಗ. ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಅಂದಾಜು. ಮಾಡಿದವರ ಮೂಳೆ ಸಿಕ್ಕಿಲ್ಲ. ಆ ಕಡೆ ಹೋದಾಗ ಹೊಲದ ಬದುವಿನಲ್ಲಿ ಕೆತ್ತಿದ ಹಾಗೆ ಕಾಣುವ ಕಲ್ಲೋ ಕಲ್ಲಾದ ಮೂಳೆಯೋ ಕಂಡರೆ ದಯವಿಟ್ಟು ಎತ್ತಿಕೊಳ್ಳಬೇಡಿ. ಪಕ್ಕದಲ್ಲಿ ಒಂದು ಸ್ಕೇಲೋ ಪೆನ್ನೋ ಇಟ್ಟು ಫೋಟೋ ತೆಗೆಯಿರಿ, ಮೊಬೈಲಿನಲ್ಲಿ ಜಾಗದ ಗುರುತು ಉಳಿಸಿಕೊಳ್ಳಿ, ಪುರಾತತ್ವ ಇಲಾಖೆಗೆ ತಿಳಿಸಿ.