ಜೂಲು ಹೊದ್ದ ಕುದುರೆ, ಝಟಕಾ ಬೇಲಿ: ಸಾಸವಡದಲ್ಲಿ ನನ್ನ ಅನುಭವ

"ಸಾಹೇಬ್ರ, ಕುದುರಿಗೂ ಕರೆಂಟಿಗೂ ಕೂಡಿ ಬರೂದಿಲ್ರಿ. ಒಂದಿನ ಕೈಯಾಗ ಹಗ್ಗ ಅಷ್ಟೇ ಉಳಿತದ." ಕುದುರೆ ಬಿಡುವ ಜಾಗಕ್ಕೆ ಝಟಕಾ ಬೇಲಿ, ಅಂದರೆ ತಾಗಿದರೆ ಕರೆಂಟಿನ ಏಟು ಕೊಡುವ ಬೇಲಿ, ಹಾಕುತ್ತೇನೆ ಅಂದಾಗ ನಮ್ಮ ಕುದುರೆ ನೋಡಿಕೊಳ್ಳುವ ಸೈಸ್ ಮಾಮಾ ಮೊದಲ ದಿನವೇ ಹೇಳಿದ್ದರು. ಅವರು ಅಫಜಲಪುರ ಕಡೆಯವರು, ನಲವತ್ತು ವರ್ಷ ಕುದುರೆ ನೋಡಿದವರು. ಪುಣೆಯ ಗೆಳೆಯರೂ ಅದನ್ನೇ ಹೇಳಿದರು. ಈಗ ಎರಡು ಮಳೆಗಾಲ, ಎರಡು ಚಳಿಗಾಲ ಕಳೆದಿವೆ. ಮೂರು ಕುದುರೆ, ಮೊದಲ ವಾರದ ಒಂದು ಗಾಯ ಬಿಟ್ಟರೆ ಒಂದರ ಮೈಮೇಲೂ ಗೀರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪುಣೆ ಹತ್ತಿರದ ಸಾಸವಡದಲ್ಲಿ ನಮ್ಮ ಜಾಗ ಇಪ್ಪತ್ತು ಗುಂಟೆ, ಸುತ್ತಳತೆ ಸುಮಾರು 180 ಮೀಟರ್. ಕಬ್ಬಿಣದ ಪೈಪ್ ಬೇಲಿಗೆ ಕೇಳಿದೆ, 1.8 ಲಕ್ಷ ಅಂದರು. ಪಕ್ಕದ ಅಂಜೂರದ ತೋಟದಲ್ಲಿ ಹಂದಿಗೆ ಅಂತ ಝಟಕಾ ಮಷೀನ್ ಹಾಕಿದ್ದರು. ಅದನ್ನೇ ನೋಡಿ ನಾನೂ ಮಷೀನ್, ಬ್ಯಾಟರಿ, ತೆಳು ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿ ತಂದೆ. ಹದಿನಾಲ್ಕು ಸಾವಿರ ಆಯಿತು. ತಪ್ಪು ಅಲ್ಲೇ ಶುರು. ತೆಳು ತಂತಿ ಕುದುರೆಯ ಕಣ್ಣಿಗೆ ಬೀಳಲ್ಲ. ನಮ್ಮ ಕೆಂಚಿ ನಾಲ್ಕನೇ ದಿನ ಓಡಿ ಬಂದು ಅದಕ್ಕೇ ನುಗ್ಗಿದಳು. ಹಿಂಗಾಲಿನ ಚರ್ಮ ಸೀಳಿತು. ಡಾಕ್ಟರ್, ಹೊಲಿಗೆ, ಇಂಜೆಕ್ಷನ್ ಸೇರಿ ಆರು ಸಾವಿರ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಂತಿಗೆ ಹಾಲಿನ ಪ್ಯಾಕೆಟ್ ಪಟ್ಟಿ ಕಟ್ಟಿ ನೋಡಿದೆ. ಗಾಳಿಗೆ ಪಟಪಟ ಅಂದು ಮೂರೂ ಬೆದರಿದವು. ಎರಡೇ ದಿನಕ್ಕೆ ಬಿಚ್ಚಿ ಹಾಕಿದೆ. ಕೊನೆಗೆ ಬೇಲಿಗೆಂದೇ ಸಿಗುವ, ಒಳಗೆ ತಂತಿ ಎಳೆ ನೇಯ್ದು ಕರೆಂಟು ಹರಿಯುವ, 40 ಮಿಲಿಮೀಟರ್ ಅಗಲದ ಬಿಳಿ ಟೇಪ್ ತರಿಸಿದೆ. 200 ಮೀಟರಿನ ಎರಡು ರೋಲ್, ಇನ್ಸುಲೇಟರ್, ಗೂಟ ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಹತ್ತಿರ. ಮೇಲಿನ ಸಾಲು ಎದೆ ಮಟ್ಟಕ್ಕೆ, ಕೆಳಗಿನದು ಮೊಣಕಾಲಿಗಿಂತ ಸ್ವಲ್ಪ ಮೇಲೆ.

ಬೇಲಿ ಸರಿಹೋಯಿತು, ನಾವು ಸರಿಹೋಗಿರಲಿಲ್ಲ. ತಿಂಡಿ ಹಾಕುವ ಬಾನಿ ಸುಲಭವಾಗಿ ಕೈಗೆ ಸಿಗಲಿ ಅಂತ ಬೇಲಿಯ ಪಕ್ಕದಲ್ಲೇ ಇಟ್ಟಿದ್ದೆವು. ಬೂಸಾ ಸುರಿದ ಕೂಡಲೇ ನಮ್ಮ ಇನ್ನೊಂದು ಕುದುರೆ ಬಾದಲ್ ತಳ್ಳಿದ, ಚಿಕ್ಕ ಕುದುರೆ ಟೇಪಿಗೆ ತಾಗಿತು. ಅದು ಬೇಲಿಗೆ ಹೆದರಲಿಲ್ಲ, ಬಾನಿಗೆ ಹೆದರಿತು! ಹತ್ತು ದಿನ ಬಾನಿಗೆ ಬಾಯಿ ಹಾಕಲಿಲ್ಲ, ಹುರುಳಿಯನ್ನು ಅಂಗೈಯಲ್ಲಿ ತಿನ್ನಿಸಿದೆವು. ಈಗ ತಿಂಡಿ ಎಲ್ಲ ನಡು ಮೈದಾನದಲ್ಲಿ. ಬಾನಿಗಳು ಒಂದಕ್ಕೊಂದು ಹತ್ತು ಹೆಜ್ಜೆ ದೂರ. ಲಸೂಣ್ ಘಾಸ್ ಅನ್ನುವ ಮೇವನ್ನು ನಾಲ್ಕು ಗುಡ್ಡೆ ಮಾಡುತ್ತೇವೆ. ಕುದುರೆ ಮೂರು, ಗುಡ್ಡೆ ನಾಲ್ಕು. ಸೋತದ್ದಕ್ಕೆ ಹೋಗಲು ಒಂದು ಜಾಗ ಬೇಕಲ್ವಾ?

ಇನ್ನು ಜೂಲು, ಅಂದರೆ ಚಳಿಗೆ ಕುದುರೆಯ ಮೈಮೇಲೆ ಹಾಕುವ ಹೊದಿಕೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜನವರಿಯ ಕೆಲವು ರಾತ್ರಿ ಇಲ್ಲಿ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಕೆಂಚಿಗೆ ವಯಸ್ಸಾಗಿದೆ, ದಪ್ಪ ಜೂಲು ಹೊದಿಸಿದೆ. ಒಣ ಜೂಲು ಇದ್ದಾಗ ಏಟು ಮೈಗೆ ತಾಗುವುದೇ ಇಲ್ಲ. ಅವಳು ಬೇಲಿಗೆ ಹಿಂಭಾಗ ಒರಗಿಸಿ ಉಜ್ಜಿ, ಟೇಪ್ ಕಿತ್ತು ರಸ್ತೆಗೆ ಹೋಗಿದ್ದಳು. ಮತ್ತೊಂದು ಬೆಳಗ್ಗೆ ಇಬ್ಬನಿಗೆ ಜೂಲು ನೆನೆದಿತ್ತು. ಎದೆಯ ಹಿತ್ತಾಳೆ ಬಕಲ್ ಟೇಪಿಗೆ ತಾಗಿ ಏಟು ಹೊಡೆಯಿತು. ಜೂಲೇ ಕಚ್ಚಿತು ಅಂದುಕೊಂಡಳು. ಮುಂದೆ ಮೂರು ವಾರ ಅದನ್ನು ಮುಟ್ಟಿಸಿಕೊಳ್ಳಲಿಲ್ಲ.

ಆಮೇಲೆ ಮಾಡಿದ್ದು ಇಷ್ಟು. ಜೂಲನ್ನು ಲಾಯದಲ್ಲೇ ಹಾಕುವುದು, ಲಾಯದಲ್ಲೇ ತೆಗೆಯುವುದು, ಬೇಲಿ ಹತ್ತಿರ ಎಂದೂ ಅಲ್ಲ. ಬಕಲ್ ಮೇಲೆ ಚರ್ಮದ ಮುಚ್ಚಳ ಹೊಲಿಸಿದೆ, ಒಂದಕ್ಕೆ ನೂರೈವತ್ತು. ಕಾಲಿನ ಪಟ್ಟಿ ಜೋತು ಬೀಳಬಾರದು. ಹೊಸ ಕುದುರೆಗೆ ಮೊದಲು ಜೂಲಿಲ್ಲದೆ, ಹಗಲಲ್ಲಿ, ಬೇಲಿಯ ಪರಿಚಯ. ಮೂಗಿಗೆ ಒಮ್ಮೆ ಏಟು ಬಿದ್ದ ಕುದುರೆ ಜೂಲು ಹಾಕಿದಾಗಲೂ ಟೇಪಿನಿಂದ ದೂರ ನಿಲ್ಲುತ್ತದೆ. ಕೆಂಚಿ ಮತ್ತೆ ಜೂಲು ಒಪ್ಪಿದ್ದು ಹೇಗೆ ಅಂದರೆ, ಅದು ಮಾಮಾ ಮತ್ತು ನನ್ನ ನಡುವಿನ ಉಪಾಯ. ಲಾಯಕ್ಕೆ ಬಂದವರಿಗೆ ತೋರಿಸುತ್ತೇನೆ, ಬರೆಯಲ್ಲ.

ಗೇಟಿನಲ್ಲಿ ಕುದುರೆ ಹಿಡಿದು ದಾಟುವಾಗ ಮಷೀನ್ ಬಂದ್. ಇದರಲ್ಲಿ ರಾಜಿ ಇಲ್ಲ. ಒದ್ದೆ ಹಗ್ಗ ಟೇಪಿಗೆ ತಾಗಿ ನನಗೂ ಬಾದಲ್‌ಗೂ ಒಟ್ಟಿಗೆ ಏಟು ಬಿದ್ದಿದೆ. ಅವನು ವಾರಗಟ್ಟಲೆ ನನ್ನನ್ನೇ ಅನುಮಾನದಿಂದ ನೋಡಿದ. ಗೇಟಿನ ಹಿಡಿಕೆ ಕಳಚಿದರೆ ಕೈಯಲ್ಲಿರುವ ತುದಿಯಲ್ಲಿ ಕರೆಂಟು ಇರಬಾರದು, ಹಿಡಿಕೆ ಸಿಕ್ಕಿಸುವ ಗೂಟದ ಬದಿಯಿಂದಲೇ ಗೇಟಿಗೆ ಕರೆಂಟು ಬರುವ ಹಾಗೆ ಜೋಡಿಸಿ. ಮನೆ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಜೀವ ಹೋಗುತ್ತದೆ.

ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಮಷೀನ್ ಹತ್ತಿರ ಆರು ಸಾವಿರ ವೋಲ್ಟ್ ಇದ್ದದ್ದು ಕೊನೆ ಗೂಟದಲ್ಲಿ ಎರಡೂವರೆ ಸಾವಿರ ತೋರಿಸುತ್ತಿತ್ತು. ಏಟಿನ ಕರೆಂಟು ನೆಲದ ಮೂಲಕ ಮಷೀನಿಗೆ ವಾಪಸ್ ಬರಲು ಹೂಳುವ ಅರ್ತಿಂಗ್ ರಾಡ್ ನನ್ನದು ಎರಡಡಿಯದು, ಅದೂ ಒಂದೇ. ಆರಡಿಯ ಮೂರು ರಾಡನ್ನು ಹತ್ತಡಿಗೊಂದರಂತೆ ಹೂತೆ. ಸಂಜೆ ಒಂದೊಂದು ಬಕೆಟ್ ನೀರು. ನಾಲ್ಕು ಸಾವಿರ ದಾಟಿತು. ಮಳೆಗಾಲದಲ್ಲಿ ಉಲ್ಟಾ, ಹುಲ್ಲು ಬೆಳೆದು ಟೇಪಿಗೆ ತಾಗಿ ಸೋರುತ್ತದೆ. ಸೋರುವ ಜಾಗ ಹುಡುಕಲು ಅಪ್ಪನ ಹಳೆ ಟ್ರಾನ್ಸಿಸ್ಟರ್ ಹಿಡಿದು ಹೊರಟೆ. ಎಎಂನಲ್ಲಿ ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ ಬೇಲಿಗುಂಟ ನಡೆದರೆ, ಸೋರುವಲ್ಲಿ ಟಕ್ ಟಕ್ ಜೋರಾಗುತ್ತದೆ. ಎರಡು ಜಾಗ ಅರ್ಧ ಗಂಟೆಯಲ್ಲಿ ಸಿಕ್ಕವು!

ತಪ್ಪುಗಳ ಖರ್ಚೂ ಸೇರಿ ನಲವತ್ತೈದು ಸಾವಿರ ದಾಟಿರಬಹುದು. ಹೋದ ಡಿಸೆಂಬರಿನಲ್ಲಿ ಮಾಮಾ ತಮ್ಮೂರಿಗೆ ಫೋನ್ ಹಚ್ಚಿ ಹೇಳುವುದನ್ನು ಕೇಳಿಸಿಕೊಂಡೆ: "ನಮ್ಮಲ್ಲಿ ಬಿಳಿ ಪಟ್ಟಿ ಬೇಲಿ ಅದ. ಕುದುರಿ ಅದರ ಸನೇಕ ಸುಳಿಯಾಂಗಿಲ್ಲ. ನಾನೇ ಹಾಕೀನಿ."